ಮೂವತ್ತು ಸೆಂಟು ಜೌಳು

ಯುಗಾದಿಗೆ ಇನ್ನು ಹತ್ತು ದಿನ ಇದೆ ಅನ್ನುವಾಗ ಊರಿಂದ ಕಾಕಾ ಫೋನ್ ಮಾಡಿದ್ರು. ಕಾಕಾ ಸುಮ್ಮಸುಮ್ಮನೆ ಫೋನ್ ಮಾಡೋರಲ್ಲ. ಯಾರಾದ್ರೂ ಹೋಗಿಬಿಟ್ಟಿರಬೇಕು, ಇಲ್ಲಾ ದುಡ್ಡಿನ ವಿಷಯ ಇರಬೇಕು. ಈ ಸಲ ದುಡ್ಡಿನ ವಿಷಯ.

"ಕಾಲುವಿ ಬಾಜೂಕ ಆ ಜೌಳು ಮೂಲಿ ಐತಲ್ಲಪ, ಅದಕ್ಕ ಜೆಸಿಬಿ ಹೇಳೀನಿ. ಜಾಲಿ ಎಲ್ಲಾ ಕಿತ್ತು, ಒಂದು ಬಸಿಗಾಲುವಿ ತೆಗದು, ಮ್ಯಾಲೆ ಮಣ್ಣು ಹೊಡಿಸಿಬಿಟ್ರ ಮುಂಗಾರಿಗೆ ನಾಟಿ ಮಾಡಬಹುದು. ಎಲ್ಲಾ ಸೇರಿ ಐವತ್ತು ಸಾವಿರ ಅಂತಾನ. ನಿಂದು ಅರ್ಧ."

"ಆಯ್ತು ಕಾಕಾ, ಹಬ್ಬಕ್ಕೆ ಬರ್ತೀನಲ್ಲ, ಆಗ ಕೊಡ್ತೀನಿ" ಅಂದೆ.

ಫೋನ್ ಇಟ್ಟ ಮೇಲೆ ನೆನಪಾಯ್ತು. ಹಿಂದಿನ ಯುಗಾದಿಗೆ ಹೋದಾಗ ನಾನು ಬೈನಾಕ್ಯುಲರ್ ಹಿಡಿದು ಎರಡು ಗಂಟೆ ಕೂತಿದ್ದು ಅದೇ ಮೂಲೆಯಲ್ಲಿ. ಆವತ್ತು ತೆಗೆದ ಫೋಟೋಗಳು ಇನ್ನೂ ಕಂಪ್ಯೂಟರಿನಲ್ಲಿವೆ. ನೂರಾ ಹತ್ತು ಫೋಟೋ, ನೂರಾ ಐದರಲ್ಲಿ ಹಕ್ಕಿ ಎಲ್ಲಿದೆ ಅಂತ ನಾನೇ ತೋರಿಸಿಕೊಡಬೇಕು :-)

ಈ ಪುಟಕ್ಕೆ ಬಹಳ ದಿನದಿಂದ ಬರುವವರಿಗೆ ನಮ್ಮ ಊರು ಗೊತ್ತು. ಹೊಸಬರಿಗಾಗಿ ಇನ್ನೊಂದು ಸಲ ಹೇಳ್ತೀನಿ. ಬಳ್ಳಾರಿ ಜಿಲ್ಲೆ, ಸಿರುಗುಪ್ಪ ತಾಲೂಕು, ದೇಶನೂರು. ಬಳ್ಳಾರಿಯಿಂದ ತೆಕ್ಕಲಕೋಟೆ ಮೇಲೆ ಸಿರುಗುಪ್ಪಕ್ಕೆ ಬಂದರೆ ಅಲ್ಲೇ ಹತ್ತಿರ. ತುಂಗಭದ್ರೆಯ ಒಂದು ಸಣ್ಣ ಕವಲು ಸಿರುಗುಪ್ಪದ ಮಗ್ಗುಲಲ್ಲೇ ಹರಿದು ಮುಂದೆ ಮತ್ತೆ ಹೊಳೆ ಸೇರುತ್ತೆ. ಕವಲಿಗೂ ಹೊಳೆಗೂ ನಡುವೆ ಉಳಿದ ನೆಲವೇ ದೇಶನೂರು. ಬ್ರಿಟಿಷರ ಕಾಲದ ಗೆಜೆಟಿಯರ್‌ನವರು ಇದನ್ನ ನಡುಗಡ್ಡೆ ಅಂತಲೇ ಬರೆದುಕೊಂಡರು. ಊರಲ್ಲಿರುವವರಿಗೆ ಮಾತ್ರ ತಾವು ನಡುಗಡ್ಡೆಯ ಮೇಲಿದ್ದೀವಿ ಅಂತ ಯಾವತ್ತೂ ಅನ್ನಿಸಲ್ಲ, ಹೊಳೆ ಏರಿದ ದಿನ ಒಂದನ್ನ ಬಿಟ್ಟು.

ನಮ್ಮ ಕಾಲುವೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಲ್ಲಲ್ಲಿ ಅಣೆ ಕಟ್ಟಿ ತೆಗೆದ ಕಾಲುವೆಗಳಿವೆಯಲ್ಲ, ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ, ರಾಮಸಾಗರ, ಕಂಪ್ಲಿ... ಆ ಪಟ್ಟಿಯಲ್ಲಿ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ಅಂತಲೂ ಇವೆ. ತುಂಗಭದ್ರಾ ಅಣೆಕಟ್ಟೆ ಮುಗಿದದ್ದು 1953ರಲ್ಲಿ. ನಮ್ಮಲ್ಲಿ ಭತ್ತ ಅದಕ್ಕಿಂತ ಎಷ್ಟೋ ಹಳೆಯದು.

ನೀರು ಬಹಳ ಕಾಲ ನಿಂತ ನೆಲಕ್ಕೆ ಒಂದು ರೋಗ ಬರುತ್ತೆ. ಕಾಲುವೆಯಿಂದ ಬಸಿದ ನೀರು ತಗ್ಗಿನಲ್ಲಿ ನಿಂತು, ಬಿಸಿಲಿಗೆ ಆವಿಯಾಗಿ, ಉಪ್ಪು ಮೇಲೆ ಬರುತ್ತೆ. ಬೇಸಿಗೆಯಲ್ಲಿ ನೋಡಿದರೆ ಯಾರೋ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ. ಇದಕ್ಕೇ ಸವಳು-ಜವಳು ಅನ್ನೋದು, ನಮ್ಮ ಬಾಯಲ್ಲಿ ಜೌಳು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇಂಥ ನೆಲ ಬೇಕಾದಷ್ಟಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಅದನ್ನ ಸರಿಮಾಡೋದು ಹೇಗೆ ಅಂತ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನಮ್ಮ ಜಂಟಿ ಹೊಲದಲ್ಲಿ ಅದು ಮೂವತ್ತು ಸೆಂಟು. (ನಾವು ಹಳೇ ಮದ್ರಾಸಿನವರು, ನಿಮ್ಮ ಗುಂಟೆ ಲೆಕ್ಕ ನಮ್ಮ ಬಾಯಿಗೆ ಬರಲ್ಲ.) ಮೂವತ್ತು ಸೆಂಟು ಸರಿ ಇದ್ದರೆ ಒಂದು ಬೆಳೆಗೆ ಹತ್ತು ಚೀಲ ಭತ್ತ ಬರಬಹುದು. ಈಗ ಅಲ್ಲಿ ಬರೋದು ಸೊಳ್ಳೆ ಮತ್ತು ಆಪು ಹುಲ್ಲು. ಸುತ್ತಲೂ ಬಳ್ಳಾರಿ ಜಾಲಿ.

ಇದು ಹಿನ್ನೆಲೆ.

*

2025ರ ಮಾರ್ಚ್ 29, ಶನಿವಾರ. ಯುಗಾದಿ ಅಮಾವಾಸ್ಯೆ. ಮರುದಿನ ಪಾಡ್ಯ.

ಬೆಳಗ್ಗೆ ಐದೂವರೆಗೆ ಎದ್ದು ಸದ್ದಿಲ್ಲದೆ ಚಪ್ಪಲಿ ಹುಡುಕುತ್ತಿದ್ದೆ. ಕಾಕಾನ ಮೊಮ್ಮಗ ಬಾಗಿಲ ಹತ್ತಿರ ಆಗಲೇ ನಿಂತಿದ್ದ. ಆರನೇ ಕ್ಲಾಸು. ಪರೀಕ್ಷೆ ನಡೆದಿದೆ ಅಂತ ಅವನಮ್ಮ ರಾತ್ರಿ ಎಲ್ಲಾ ಬೈದಿದ್ದಳು.

"ದೊಡ್ಡಪ್ಪಾ, ನಾನೂ ಬರ್ತೀನಿ. ಮಾತಾಡಂಗಿಲ್ಲ, ಅಷ್ಟ ಅಲ್ಲೇನು?"

ಅಷ್ಟೇ ಅಲ್ಲ, ಅಲ್ಲಾಡಬಾರದು, ಕೆಂಪು ಅಂಗಿ ಹಾಕಬಾರದು ಅಂದೆ. ಓಡಿಹೋಗಿ ಬೂದು ಬಣ್ಣದ ಸ್ಕೂಲ್ ಅಂಗಿ ಹಾಕಿಕೊಂಡು ಬಂದ.

ಮಾರ್ಚ್ ಕೊನೆಯಲ್ಲಿ ನಮ್ಮ ಕಡೆ ಎರಡನೇ ಬೆಳೆ ತೆನೆ ಬಿಟ್ಟು ನಿಂತಿರುತ್ತೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಚೈನು ಕಡಿದು ಕೊಚ್ಚಿಹೋದಾಗ ಊರವರೆಲ್ಲ ಎರಡನೇ ಬೆಳೆ ಮುಗೀತು ಅಂತ ತಲೆ ಮೇಲೆ ಕೈ ಹೊತ್ತಿದ್ದರು. ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು, ಆಮೇಲೆ ಮಳೆಯೂ ಬಂತು, ಬೆಳೆಯೂ ಆಯ್ತು. ಹಾಗಾಗಿ ಕಣ್ಣು ಹರಿದಷ್ಟೂ ಹಸಿರು.

ಆ ಹಸಿರು ನನಗೆ ಆವತ್ತು ಬೇರೆ ಥರ ಕಂಡಿತು. ನಾವು ಊರಿಗೆ ಹೋದವರು ಭತ್ತದ ಗದ್ದೆ ನೋಡಿ "ಆಹಾ, ಹಕ್ಕಿಗಳಿಗೆ ಸ್ವರ್ಗ" ಅಂತೀವಿ. ಆಳೆತ್ತರ ಅಲ್ಲದಿದ್ದರೂ ಸೊಂಟದೆತ್ತರ ಬೆಳೆದು ಒತ್ತಾಗಿ ನಿಂತ ಭತ್ತದೊಳಗೆ ಗೇಣುದ್ದದ ಕಾಲಿನ ಹಕ್ಕಿ ಎಲ್ಲಿ ಇಳಿಯಬೇಕು? ನಾಟಿ ಮಾಡುವಾಗ ಜನವರಿಯಲ್ಲಿ ಎಲ್ಲಾ ಕಡೆ ಕೆಸರು, ಆಗ ಎಲ್ಲಿ ಬೇಕಾದರೂ ಇಳಿಯಬಹುದು. ಹೊರಡುವ ಹೊತ್ತಿಗೆ, ಅಂದರೆ ಹೊಟ್ಟೆ ತುಂಬಿಸಿಕೊಳ್ಳಲೇಬೇಕಾದ ಹದಿನೈದಿಪ್ಪತ್ತು ದಿನಗಳಲ್ಲಿ, ಎಲ್ಲಾ ಬಾಗಿಲೂ ಮುಚ್ಚಿರುತ್ತೆ. ತೆರೆದ ಕೆಸರು ಇರೋದು ಹೊಳೆಯ ಅಂಚಿನಲ್ಲಿ, ಮತ್ತೆ ಬೆಳೆ ಬಾರದ ಇಂಥ ಜೌಳು ಮೂಲೆಗಳಲ್ಲಿ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಬದುವಿನ ಮೇಲೆ ನಡೆದುಕೊಂಡು ಹೋಗುವಾಗ ಎರಡೂ ಕಡೆ ಬೆಳ್ಳಕ್ಕಿ ಬಿಟ್ಟರೆ ಬೇರೇನೂ ಕಾಣದೆ, ಮೂಲೆ ಹತ್ತಿರ ಬಂದಾಗ ಒಮ್ಮೆಲೇ ಸದ್ದು ಶುರುವಾದಾಗ ತಿಳಿದದ್ದು.

*

ಮೊದಲು ಜಾಲಿ ಬೇಲಿ.

ಬಳ್ಳಾರಿ ಜಾಲಿಯ ಮೇಲೆ ನಾನು ಇದೇ ಪುಟದಲ್ಲಿ ಒಮ್ಮೆ ಕೂಗಾಡಿದ್ದೆ. ಹೆಸರು ಮಾತ್ರ ಬಳ್ಳಾರಿಯದು, ಮೂಲ ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕದ ಕಡೆಯದು, 19ನೇ ಶತಮಾನದಲ್ಲಿ ತಂದು ಹಾಕಿದ್ದು, ಹೊಲ, ಹಳ್ಳ, ಗೋಮಾಳ ಎಲ್ಲಾ ನುಂಗುತ್ತಿದೆ ಅಂತೆಲ್ಲ ಬರೆದಿದ್ದೆ. ನಿಮ್ಮಲ್ಲಿ ಬಹಳ ಜನ ಹೌದು ಹೌದು ಅಂದಿದ್ದಿರಿ. ಆ ಮಾತನ್ನ ನಾನು ಹಿಂದೆ ತಗೋತಾ ಇಲ್ಲ. ಆದರೆ ಅವತ್ತು ಬೆಳಗ್ಗೆ ಆ ಬೇಲಿ ಹೂ ಬಿಟ್ಟಿತ್ತು. ಹಳದಿ ಬತ್ತಿಯಂಥ ಹೂ, ಅದರ ತುಂಬಾ ಸಣ್ಣ ಹುಳ, ಹುಳದ ಹಿಂದೆ ಉಲಿಯಕ್ಕಿ.

ಉಲಿಯಕ್ಕಿ ನೋಡೋದು ಹಕ್ಕಿ ನೋಡುವವರ ಪೈಕಿಯೂ ಎಲ್ಲರೂ ಒಪ್ಪುವ ಕೆಲಸವಲ್ಲ. ಗುಬ್ಬಿಗಿಂತ ಸಣ್ಣದು, ಮಣ್ಣಿನ ಬಣ್ಣ, ಒಂದು ಕಡೆ ಎರಡು ಸೆಕೆಂಡ್ ನಿಲ್ಲಲ್ಲ. ಸಿರುಗುಪ್ಪ ಅಂದರೆ ಹಕ್ಕಿ ನೋಡುವವರಿಗೆ ನೆನಪಾಗೋದು ಕರಿಮಣ್ಣಿನ ಬಯಲಿನ ಎರೆಭೂತ. ಕಾರು ಮಾಡಿಕೊಂಡು ಅದನ್ನ ಹುಡುಕಿ ಬರುತ್ತಾರೆ. ಉಲಿಯಕ್ಕಿಗಾಗಿ ಇಲ್ಲಿಗೆ ಬಂದವರನ್ನ ನಾನಂತೂ ನೋಡಿಲ್ಲ.

"ಚಕ್... ಚಕ್..." ಅಂತ ಯಾರೋ ಎರಡು ಗೋಲಿ ಕುಟ್ಟಿದ ಸದ್ದು. ಹುಡುಗ ಕೈ ತೋರಿಸಿದ, ಕಾಣಲಿಲ್ಲ. ಮತ್ತೆ ಚಕ್. ಕೆಳಗಿನ ಕೊಂಬೆಯಲ್ಲಿ ಒಂದು ಕಂದು ನೆರಳು ಜಾರಿತು. ಬ್ಲೈತ್ ಜೊಂಡು ಉಲಿಯಕ್ಕಿ. ತೂಕ ಹತ್ತು ಹನ್ನೆರಡು ಗ್ರಾಂ, ನಾಲ್ಕು ಉದ್ದಿನಕಾಳಿನ ಮಾತ್ರೆ ಹಾಳೆಯಷ್ಟು. ಮರಿ ಮಾಡೋದು ಫಿನ್ಲೆಂಡ್, ರಷ್ಯಾ, ಸೈಬೀರಿಯಾದ ಪೊದೆಗಳಲ್ಲಿ. ಚಳಿಗಾಲಕ್ಕೆ ಹೆಚ್ಚುಕಮ್ಮಿ ಅಷ್ಟೂ ಭಾರತ ಉಪಖಂಡಕ್ಕೇ ಬರುತ್ತವೆ. ಅಂದರೆ ಇವುಗಳ ಮಟ್ಟಿಗೆ ನಮ್ಮ ಬೇಲಿ, ನಿಮ್ಮ ಬೇಲಿ, ಇವಿಷ್ಟೇ ಚಳಿಗಾಲದ ಜಗತ್ತು.

ಚಳಿಗಾಲ ಪೂರ್ತಿ ಇದು ಬರೀ ಚಕ್ ಅನ್ನುತ್ತೆ. ಹೊರಡುವ ದಿನ ಹತ್ತಿರ ಬಂದಾಗ ಒಳಗೊಳಗೇ ಹಾಡೋಕೆ ಶುರು ಮಾಡುತ್ತೆ. ಪೂರ್ತಿ ಗಂಟಲು ಬಿಟ್ಟಲ್ಲ. ಒಂದು ತುಣುಕು, ನಿಲ್ಲಿಸೋದು, ಅದೇ ತುಣುಕು ಮತ್ತೆ, ಇನ್ನೊಂದು ಸೇರಿಸೋದು. ಹುಡುಗ ಕಿವಿ ಕೊಟ್ಟು ಕೇಳಿದ. ಆಮೇಲೆ ಮಾತಾಡಬಾರದು ಅನ್ನೋದು ಮರೆತು ಹೇಳಿದ:

"ದೊಡ್ಡಪ್ಪಾ, ಅದು ಬಾಯಿಪಾಠ ಮಾಡಾಕತ್ತೈತಿ. ನಮ್ಮಂಗ."

ಇಷ್ಟು ವರ್ಷ ಹಕ್ಕಿ ನೋಡಿ ನನಗೆ ಇಂಥ ಒಂದು ಮಾತು ಹೊಳೆದಿರಲಿಲ್ಲ.

ಬೇಲಿಯ ಮೇಲ್ತುದಿಯಲ್ಲಿ ಇನ್ನೊಂದು ಇತ್ತು, ಮಂಕು ಮರಳು ಬಣ್ಣ. ಬೂಟೆಡ್ ಉಲಿಯಕ್ಕಿಯೋ ಸೈಕ್ಸ್ ಉಲಿಯಕ್ಕಿಯೋ ಅಂತ ಅರ್ಧ ಗಂಟೆ ಒದ್ದಾಡಿದೆ. ಹಿಂದೆ ಎರಡನ್ನೂ ಒಂದೇ ಜಾತಿ ಅಂತಿದ್ದರು, ನನ್ನಂಥವರಿಗೆ ಆಗಲೇ ಸುಖ ಇತ್ತು. ಸೈಕ್ಸ್ ಅನ್ನೋನು ದಖ್ಖನಿನ ಹಕ್ಕಿಗಳ ಬಗ್ಗೆ 1832ರಲ್ಲೇ ಬರೆದ ಕಂಪನಿ ಸರ್ಕಾರದ ಫೌಜಿನ ಅಧಿಕಾರಿ. ಕೊಕ್ಕು ಸ್ವಲ್ಪ ಉದ್ದ, ಬಾಲ ಸ್ವಲ್ಪ ಉದ್ದ ಕಂಡರೆ ಸೈಕ್ಸ್. 'ಸ್ವಲ್ಪ' ಅಂದರೆ ಎಷ್ಟು ಅಂತ ಬೇಲಿ ಮೇಲೆ ಅಳೆಯೋಕಾಗುತ್ತಾ? ಪುಸ್ತಕದಲ್ಲಿ ಪ್ರಶ್ನಾರ್ಥಕ ಹಾಕಿ ಬಿಟ್ಟೆ.

ಬದುವಿನ ಬೇವಿನ ಮರದಲ್ಲಿ ಹಸಿರು ಎಲೆ ಉಲಿಯಕ್ಕಿ ಒಂದೇ ಒಂದು. ಏಳೆಂಟು ಗ್ರಾಂ ತೂಗುವ ಈ ಹಕ್ಕಿಯ ಮೇಲೆ ಟ್ರೆವರ್ ಪ್ರೈಸ್, ಮಧುಸೂದನ ಕಟ್ಟಿ ಅನ್ನುವ ವಿಜ್ಞಾನಿಗಳು ದಕ್ಷಿಣ ಭಾರತದಲ್ಲೇ ಕೆಲಸ ಮಾಡಿದ್ದಾರೆ. ಚಳಿಗಾಲದಲ್ಲಿ ಒಂದೊಂದು ಹಕ್ಕಿಯೂ ತನ್ನದೇ ಜಾಗ ಹಿಡಿದು ಬೇರೆಯವರನ್ನ ಓಡಿಸುತ್ತೆ, ಹೊರಡುವ ಮುಂಚೆ ಮೈಯಲ್ಲಿ ಕೊಬ್ಬು ಕೂಡಿಡುತ್ತೆ, ಆ ಕೊಬ್ಬು ಎಲ್ಲಾ ವರ್ಷವೂ ಒಂದೇ ಸಮ ಇರಲ್ಲ. ಇದನ್ನ ಓದಿದ್ದು ಬಹಳ ಹಿಂದೆ. ಅವತ್ತು ಬೇವಿನ ಮರದ ಕೆಳಗೆ ನಿಂತಾಗ ಅರ್ಥ ಆಯ್ತು. ಹುಳ ಸಿಗದ ವರ್ಷ ಹಕ್ಕಿ ಇಲ್ಲೇನೂ ಸಾಯಲ್ಲ. ಇಲ್ಲಿಂದ ಹೊರಟು ಎಲ್ಲೋ ದಾರಿಯಲ್ಲಿ, ನಮಗೆ ಕಾಣದ ಕಡೆ ಎಣ್ಣೆ ಮುಗಿಯುತ್ತೆ.

*

ಬಿಸಿಲು ಬಂದ ಮೇಲೆ ಬೇಲಿ ದಾಟಿ ಬದುವಿನ ಮೇಲೆ ಕೂತೆವು. ಎದುರಿಗೆ ಮೂವತ್ತು ಸೆಂಟು.

ಪುಸ್ತಕದಲ್ಲಿ ಬರೆದುಕೊಂಡದ್ದನ್ನ ಹಾಗೇ ಕೊಡ್ತೀನಿ. ಅಡವಿ ಗದ್ದೆಗೊರವ 23. ಹಸಿರು ಗದ್ದೆಗೊರವ 2. ಮೆಟ್ಟುಗಾಲು ಹಕ್ಕಿ 6. ಲಿಟಲ್ ಸ್ಟಿಂಟ್ 11. ಟೆಮಿಂಕ್ಸ್ ಸ್ಟಿಂಟ್ 1. ರಫ್ 7. ಟಿಟ್ಟಿಭ 2, ಅವು ಈ ಊರಿನವೇ, ಬಂದವರನ್ನೆಲ್ಲ ಬೈಯೋದೇ ಅವುಗಳ ಕೆಲಸ.

ಐವತ್ತೆರಡು ಹಕ್ಕಿ. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇದಕ್ಕಿಂತ ದೊಡ್ಡದಿದೆ.

ಅಡವಿ ಗದ್ದೆಗೊರವ ಅಂದರೆ ವುಡ್ ಸ್ಯಾಂಡ್‌ಪೈಪರ್. ಬೆನ್ನ ಮೇಲೆ ಅಕ್ಕಿ ನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆ. ಮೊಟ್ಟೆ ಇಡೋದು ಸ್ಕ್ಯಾಂಡಿನೇವಿಯಾದಿಂದ ರಷ್ಯಾದ ಪೂರ್ವದ ತುದಿಯವರೆಗಿನ ಕಾಡಿನ ಜೌಗಿನಲ್ಲಿ, ಅದಕ್ಕೇ ಅಡವಿ ಅನ್ನೋ ಹೆಸರು. ನಮ್ಮಲ್ಲಿ ಇದು ಅಡವಿಯ ಕಡೆ ತಿರುಗಿಯೂ ನೋಡಲ್ಲ. ರಫ್ ಇನ್ನೂ ತಮಾಷೆ. ಗಂಡು ಹೆಣ್ಣಿಗಿಂತ ಎಷ್ಟೋ ದೊಡ್ಡದು. ಉತ್ತರದ ಬಯಲು ಮುಟ್ಟುವಷ್ಟರಲ್ಲಿ ಗಂಡಿನ ಕುತ್ತಿಗೆಗೆ ನಾಟಕದ ರಾಜನ ಕಾಲರಿನ ಹಾಗೆ ಗರಿಯ ಪಟ್ಟಿ ಬರುತ್ತೆ, ಹತ್ತಾರು ಗಂಡು ಒಂದೇ ಕಡೆ ಸೇರಿ ಹೆಣ್ಣುಗಳ ಮುಂದೆ ಕುಣಿಯುತ್ತವೆ. ನಮಗೆ ಆ ನಾಟಕ ನೋಡೋಕೆ ಸಿಗಲ್ಲ. ಏಳರಲ್ಲಿ ಒಂದಕ್ಕೆ ಎದೆಯ ಮೇಲೆ ಕಪ್ಪು ಮಚ್ಚೆ ಮೂಡತೊಡಗಿತ್ತು. ಬಣ್ಣ ಹಚ್ಚಿಕೊಳ್ಳುತ್ತಿದ್ದಾನೆ ಅಂದೆ. ಹುಡುಗ ನಕ್ಕ.

ಅವು ಒಂದು ಕ್ಷಣವೂ ಬಿಡುವಿಲ್ಲದೆ ತಿನ್ನುತ್ತಿದ್ದವು. ಡಿಸೆಂಬರಿನಲ್ಲಿ ನೋಡಿದರೆ ಇದೇ ಹಕ್ಕಿ ನಿಂತು ಗರಿ ಸರಿಮಾಡಿಕೊಳ್ಳುತ್ತೆ, ಒಂಟಿ ಕಾಲಲ್ಲಿ ನಿದ್ದೆ ಮಾಡುತ್ತೆ. ಈಗ ಹೊಲಿಗೆ ಮಿಷಿನ್ನಿನ ಸೂಜಿ ಹಾಗೆ ಕೊಕ್ಕು ಕೆಸರಲ್ಲಿ ಟಕಟಕಟಕ.

ಎಂಟು ಗಂಟೆಗೆ ಕಾಕಾ ಬಂದರು, ಕೈಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು. ಅವರು ಬಂದ ರಭಸಕ್ಕೆ ಎಲ್ಲಾ ಹಾರಿ, ಒಂದು ಸುತ್ತು ಹೊಡೆದು, ಮತ್ತೆ ಅಲ್ಲೇ ಇಳಿದವು.

"ಏನು ಎಣಸಾಕತ್ತೀಯಪ?"

"ಹಕ್ಕಿ, ಕಾಕಾ."

"ಎಷ್ಟಾದವು?"

"ಐವತ್ತೆರಡು."

"ಭತ್ತ ಹತ್ತು ಚೀಲ" ಅಂದರು ಕಾಕಾ, ಮಿರ್ಚಿ ಮುರಿಯುತ್ತಾ. ವ್ಯಂಗ್ಯ ಇರಲಿಲ್ಲ. ಅವರೂ ಎಣಿಸಿದ್ದರು, ಅಷ್ಟೇ.

ಇಲ್ಲೇ ಒಂದು ವಿಷಯ ಒಪ್ಪಿಕೊಳ್ಳಬೇಕು. ಈ ಹೊಲದ ಅರ್ಧ ಪಾಲು ನನ್ನ ಅಪ್ಪನಿಂದ ನನಗೆ ಬಂದದ್ದು. ಅದರ ಗುತ್ತಿಗೆ ದುಡ್ಡನ್ನ ಕಾಕಾ ವರ್ಷಕ್ಕೆರಡು ಸಲ ಒಂದು ರೂಪಾಯಿ ತಪ್ಪದೆ ಹಾಕುತ್ತಾರೆ. ಕಂದು ಜಿಗಿಹುಳು ಬಿದ್ದಾಗ ಎಣ್ಣೆ ಹೊಡೆಯೋದು ಅವರು, ಬಡ್ಡಿಗೆ ಗೊಬ್ಬರ ತರೋದು ಅವರು, ರಾತ್ರಿ ನೀರು ಕಾಯೋದು ಅವರು. ನನ್ನ ಬೈನಾಕ್ಯುಲರ್ ಕೂಡ ಒಂದು ಬೆಳೆಯ ದುಡ್ಡಲ್ಲಿ ಬಂದದ್ದೇ. ಅಂಥವನು ಬದುವಿನ ಮೇಲೆ ಕೂತು "ಕಾಕಾ, ಹಕ್ಕಿಗೋಸ್ಕರ ಈ ಮೂಲೆ ಬಿಡಿ" ಅನ್ನೋದು ಹೇಗೆ? ಬಾಯಿ ಬರಲಿಲ್ಲ. ಮಿರ್ಚಿ ತಿಂದೆ.

*

ಹತ್ತು ಗಂಟೆಗೆಲ್ಲ ಬಿಸಿಲು ತಡೆಯೋಕಾಗದೆ ಹೊಳೆ ಕಡೆ ಹೋದೆವು. ಆಚೆ ದಂಡೆ ರಾಯಚೂರು ಜಿಲ್ಲೆ, ಸಿಂಧನೂರಿನ ನೆಲ. ಬೇಸಿಗೆಯಲ್ಲಿ ಹೊಳೆ ಸಣ್ಣದಾಗಿ, ಮಧ್ಯೆ ಮಧ್ಯೆ ಮರಳಿನ ದಿಬ್ಬ ಎದ್ದಿರುತ್ತೆ. ಅಂಥ ಒಂದು ದಿಬ್ಬದ ಮೇಲೆ ಸಣ್ಣ ಚಿಟವಗಳು. ಇವು ವಲಸೆ ಹೋಗೋ ಪೈಕಿ ಅಲ್ಲ, ಬರೀ ಮರಳಲ್ಲಿ ಕುಳಿ ಮಾಡಿ ಇಲ್ಲೇ ಮೊಟ್ಟೆ ಇಡುತ್ತವೆ. ದಿಬ್ಬದ ಪಕ್ಕದಲ್ಲೇ ಟ್ರ್ಯಾಕ್ಟರ್ ಗಾಲಿಯ ಗುರುತು ಇತ್ತು. ನಾವು ದೂರವೇ ನಿಂತೆವು.

ನೀರಿನ ಅಂಚಲ್ಲಿ ಉದ್ದ ಕೊಕ್ಕಿನ, ಕಪ್ಪು ಬಾಲದ ಗಾಡ್‌ವಿಟ್ ಮೂರು. ಒಂದರ ಕುತ್ತಿಗೆ ಆಗಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಕಾಕಾ ಕಣ್ಣಿಗೆ ಬೈನಾಕ್ಯುಲರ್ ಹಿಡಿಸಿದೆ. ಸ್ವಲ್ಪ ಹೊತ್ತು ನೋಡಿ ಕೆಳಗಿಟ್ಟರು.

"ನಾ ಸಣ್ಣವ ಇದ್ದಾಗ ನಮ್ಮವ್ವನ ತವರೂರಾಗ ಎರಿಭೂತ ನೋಡೀನಿ. ಜ್ವಾಳದ ಹೊಲದಾಗ ಮನಷ್ಯಾ ನಿಂತಂಗ ನಿಂತಿತ್ತು. ಅಂಜಿ ಓಡಿದ್ದೆ. ಈಗ ಆ ಹೊಲಕ್ಕೂ ಕಾಲುವಿ ಬಂತು, ಜ್ವಾಳ ಹೋತು, ಭತ್ತ ಬಂತು. ಅದು ಹೋತು."

ಕಾಕಾ ಅದನ್ನ ದುಃಖದಿಂದ ಹೇಳಲಿಲ್ಲ. ನೀರು ಬಂದದ್ದು ಅವರ ಮನೆಗೆ ಅನ್ನ ಬಂದ ಹಾಗೆ. ಆದರೆ ನನಗೆ ಒಂದು ಲೆಕ್ಕ ತಲೆಗೆ ಹೊಕ್ಕಿತು. ಇಡೀ ದೇಶದಲ್ಲಿ ನೂರೈವತ್ತರ ಆಸುಪಾಸು ಉಳಿದಿರುವ ಎರೆಭೂತಕ್ಕೆ ಒಣ ಬಯಲು ಬೇಕು. ಸುತ್ತಿನ ಊರುಗಳಿಗೆ ನೀರು ಬಂದದ್ದರಿಂದ ಗದ್ದೆಗೊರವಕ್ಕೆ ಜಾಗ ಆಯ್ತು, ಎರೆಭೂತಕ್ಕೆ ಜಾಗ ಹೋಯ್ತು. ಹಕ್ಕಿ ಪ್ರೀತಿಸುವವನು ಯಾರ ಪರ ನಿಲ್ಲಬೇಕು? ಜಾಲಿ ಕಿತ್ತರೆ ಬಯಲಿಗೆ ಒಳ್ಳೆಯದು, ಬೇಲಿಯ ಉಲಿಯಕ್ಕಿಗೆ ಕೆಟ್ಟದ್ದು. ಪುಸ್ತಕದಲ್ಲಿ ಬರೆಯುವಾಗ ನಿಸರ್ಗ ಅಂತ ಒಂದೇ ಪದ. ಹೊಲಕ್ಕೆ ಬಂದು ನಿಂತರೆ ಒಂದೊಂದು ಮೂಲೆಗೆ ಒಂದೊಂದು ನ್ಯಾಯ.

ಮಧ್ಯಾಹ್ನ ಮನೆಯಲ್ಲಿ ಟಿವಿ ತುಂಬಾ ಗ್ರಹಣದ್ದೇ ಮಾತು. ಅವತ್ತು ಸೂರ್ಯಗ್ರಹಣ ಬೇರೆ, ಭಾರತದಲ್ಲಿ ಕಾಣಲ್ಲ ಅಂತ ಗೊತ್ತಿದ್ದರೂ ಚಾನೆಲಿನವರು ಬಿಡಬೇಕಲ್ಲ. ಚಿಗವ್ವ ಅಡುಗೆಮನೆಯಿಂದಲೇ "ನಮಗ ಕಾಣದ ಗ್ರಾಣ ನಮಗ್ಯಾಕ" ಅಂತ ತೀರ್ಪು ಕೊಟ್ಟು ಹೋಳಿಗೆಗೆ ಬೇಳೆ ತೊಳೆಯೋಕೆ ಹೋದಳು. ಎಲ್ಲಿ ಕಾಣುತ್ತೆ ಅಂತ ಹುಡುಗ ಮೊಬೈಲಲ್ಲಿ ನೋಡಿದ. ಯುರೋಪಿನ ಉತ್ತರ, ರಷ್ಯಾದ ವಾಯವ್ಯ.

"ದೊಡ್ಡಪ್ಪಾ, ನಮ್ಮ ಹಕ್ಕಿ ಹೋಗೋದು ಅಲ್ಲಿಗೇ ಅಲ್ಲೇನು?"

'ನಮ್ಮ ಹಕ್ಕಿ' ಅಂದ.

*

ಸಂಜೆ ಮತ್ತೆ ಹೋದೆವು. ಕಾಕಾನೂ ಬಂದರು, ಯಾಕೆ ಅಂತ ನಾನು ಕೇಳಲಿಲ್ಲ. ಹೊತ್ತು ಮುಳುಗಿ ಇನ್ನೂ ಬೆಳ್ಳಗಿತ್ತು. ಗದ್ದೆಗೊರವಗಳು ತಿನ್ನೋದು ನಿಲ್ಲಿಸಿ ಒಂದು ಕಡೆ ಗುಂಪಾಗಿದ್ದವು. ಒಂದು ಕೂಗಿತು, ಚಿಫ್-ಇಫ್-ಇಫ್. ಇನ್ನೊಂದು ಕೂಗಿತು. ಒಮ್ಮೆಲೇ ಎದ್ದವು. ಬೆಳಗ್ಗೆ ಕಾಕಾ ಬಂದಾಗ ಎದ್ದ ಹಾಗಲ್ಲ. ಒಂದು ಸುತ್ತು, ಎರಡು ಸುತ್ತು, ಒಂದೊಂದು ಸುತ್ತಿಗೂ ಮೇಲೆ. ಹೊಳೆ ದಾಟಿ ಸಿಂಧನೂರಿನ ಕಡೆ, ಉತ್ತರಕ್ಕೆ, ಚುಕ್ಕೆಯಾಗಿ ಹೋದವು. ಕೂಗು ಮಾತ್ರ ಸ್ವಲ್ಪ ಹೊತ್ತು ಕೇಳಿಸಿತು.

ಸೈಬೀರಿಯಾಕ್ಕೇ ಹೊರಟವೋ, ರಾತ್ರಿ ಮಲಗೋಕೆ ಆಚೆ ದಂಡೆಗೆ ಹೋದವೋ, ಖಂಡಿತ ಹೇಳಲಾರೆ. ಹದಿನಾರು ಹೋದವು, ಏಳು ಕೆಸರಲ್ಲೇ ಉಳಿದವು.

"ಉಳದವು ಯಾಕ ಹೋಗಲಿಲ್ಲ?" ಅಂದರು ಕಾಕಾ.

"ಇನ್ನೂ ಹೊಟ್ಟೆ ತುಂಬಿಲ್ಲ ಅಂತ ಕಾಣುತ್ತೆ ಕಾಕಾ. ಮೈಯಲ್ಲಿ ಕೊಬ್ಬು ಸಾಲದಿದ್ದರೆ ಹೊರಡಲ್ಲ. ಇನ್ನು ಹತ್ತು ಹದಿನೈದು ದಿನ ತಿಂದು ಹೋಗ್ತವೆ."

ಕಾಕಾ ಸುಮ್ಮನಿದ್ದರು. ಆಮೇಲೆ, "ಜೆಸಿಬಿಯವ ಬುಧವಾರ ಬರ್ತಾನ" ಅಂದರು.

ಈಗ ಹೇಳದಿದ್ದರೆ ಯಾವತ್ತೂ ಇಲ್ಲ ಅನ್ನಿಸಿತು. "ಕಾಕಾ, ಒಂದು ಕೆಲಸ ಮಾಡೋಣ. ನನ್ನ ಪಾಲಿನ ಗುತ್ತಿಗೆಯಲ್ಲಿ ಈ ಮೂವತ್ತು ಸೆಂಟಿನದು ಹಿಡಕೊಂಡುಬಿಡಿ. ಹತ್ತು ಚೀಲದ ಲಾಭ ಎಷ್ಟಾಗುತ್ತೋ ಅಷ್ಟು. ಮೂಲೆ ಹಾಗೇ ಇರಲಿ."

ಕಾಕಾ ಜೋರಾಗಿ ನಕ್ಕರು. "ಹಕ್ಕಿ ಪರವಾಗಿ ನೀ ಗುತ್ತಿಗಿ ಕಟ್ತೀಯೇನು? ಊರಾಗ ಕೇಳಿದ್ರ ಏನಂದಾರು?" ಸ್ವಲ್ಪ ದೂರ ನಡೆದ ಮೇಲೆ, ನಗು ನಿಂತ ಮೇಲೆ ಹೇಳಿದರು: "ಬರೇ ಹತ್ತು ಚೀಲದ ಮಾತಲ್ಲಪ. ಆ ಜೌಳು ಅಲ್ಲೇ ನಿಲ್ಲಂಗಿಲ್ಲ. ವರ್ಷ ವರ್ಷ ಒಂದೊಂದು ಹೆಜ್ಜಿ ಮುಂದ ಬರ್ತೈತಿ. ಇವತ್ತು ಮೂವತ್ತು, ನಾಳೆ ನಲವತ್ತು. ನೀ ಬೆಂಗಳೂರಾಗ ಇರ್ತಿ, ಹೆಜ್ಜಿ ನಿನಗ ಕಾಣಂಗಿಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಕಾಕಾ ಹೇಳಿದ್ದು ನಿಜ. ಅದನ್ನ ಇಲ್ಲಿ ಬರೆಯದೆ ಬಿಟ್ಟಿದ್ದರೆ ಈ ಲೇಖನ ಇನ್ನೂ ಚೆನ್ನಾಗಿ ಕಾಣುತ್ತಿತ್ತೇನೋ.

ಮರುದಿನ ಹಬ್ಬ. ಬೇವು ಕುಡಿಯುವಾಗ ಕಾಕಾ ಲೋಟ ಕೆಳಗಿಟ್ಟು, ಯಾರ ಕಡೆಗೂ ನೋಡದೆ ಹೇಳಿದರು. "ಬಸಿಗಾಲುವಿ ಈ ಕಡಿ ಬದುವಿಗೆ ತೆಗಸ್ತೀನಿ, ಜೌಳು ಮುಂದ ಬರದಂಗ. ಮೂಲಿಗೆ ಮಣ್ಣು ಈ ವರ್ಷ ಹೊಡಸಂಗಿಲ್ಲ. ಕಾಲುವಿ ಕಡಿ ಜಾಲಿ ಇರಲಿ. ಮುಂದಿನ ವರ್ಷದ್ದು ಮುಂದಿನ ವರ್ಷ."

ಬಸಿಗಾಲುವೆಗೆ ಹದಿನೆಂಟು ಸಾವಿರ. ನನ್ನ ಪಾಲು ಒಂಬತ್ತು ಕೊಟ್ಟು ಬಂದೆ.

ಆಗಸ್ಟಿನಲ್ಲಿ ಒಂದು ದಿನ ಆಫೀಸಿನಲ್ಲಿದ್ದಾಗ ಫೋನ್ ಬಂತು. ಕಾಕಾನ ನಂಬರ್. ಎದೆ ಧಸಕ್ ಅಂತು. ಆ ಕಡೆಯಿಂದ ಹುಡುಗನ ದನಿ.

"ದೊಡ್ಡಪ್ಪಾ, ಬಂದಾವು. ನಾಟಿ ಗದ್ದಿಯಾಗ ಅದಾವು. ಬೆನ್ನ ಮ್ಯಾಲೆ ನುಚ್ಚು ಚೆಲ್ಲಿದಂಗ ಐತಿ. ಒಂಬತ್ತು."

ಮೂಲೆಯಲ್ಲಿ ಎಷ್ಟಿವೆ ಅಂದೆ.

"ಮೂಲ್ಯಾಗ ಒಂದೂ ಇಲ್ಲ. ಈಗ ಎಲ್ಲಾ ಕಡಿ ಕೆಸರ ಐತಲ್ಲ." ಸ್ವಲ್ಪ ತಡೆದು, "ಮೂಲಿ ಅವಕ್ಕ ಬೇಕಾಗೋದು ಯುಗಾದಿಗೆ, ಅಲ್ಲೇನು?" ಅಂದ. ಹಿಂದಿನಿಂದ ಕಾಕಾನ ದನಿ ಕೇಳಿಸಿತು: "ಹೇಳಿದೇನು? ಹಂಗಾರ ಇಡು, ಕರೆನ್ಸಿ ಹೋಗ್ತೈತಿ."